ಫೈಲಿನ ಮೇಲಿದ್ದ ಹೆಸರು

ವಿಜಯವಾಡದ ಕಚೇರಿಯಿಂದ ಮೇಲ್ ಬರುವುದು ನಿಂತಿದೆ, ನೀವೇ ಒಮ್ಮೆ ಹೋಗಿ ನೋಡಿ ಬನ್ನಿ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಹೇಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಅಲ್ಲಿನ ಕಂಪ್ಯೂಟರ್ ಆಪರೇಟರ್ ಧಾರವಾಡದ ಕಡೆಯವರು. ಹೋದಾಗಲೆಲ್ಲ ಅವರ ಮನೆಯಲ್ಲಿ ನನಗೆ ಜೋಳದ ರೊಟ್ಟಿ ಊಟ ಖಾಯಂ. ಮೈಸೂರಿನವಳಾದ ನನಗೆ ರೊಟ್ಟಿಗಿಂತ ಅವರ ಮನೆಯ ಮಾತೇ ಹೆಚ್ಚು ಇಷ್ಟವಾಗಿತ್ತು.

ತೊಂಬತ್ತರ ದಶಕದ ನಡುವಿನ ಮಾತಿದು. ವಿಶಾಖಪಟ್ಟಣದಲ್ಲಿ ಪಂಪು ತಯಾರಿಸುವ ಒಂದು ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನಾನಿದ್ದೆ. ವಿಜಯವಾಡದಲ್ಲಿ ನಮ್ಮದೊಂದು ಪ್ರಾದೇಶಿಕ ಕಚೇರಿ. ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಂಥ ಗಿರಾಕಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಆ ಕಚೇರಿಯಲ್ಲಿ ಎರಡು ಯುನಿಕ್ಸ್ ಯಂತ್ರಗಳಿದ್ದವು, ಒಂದು ಹಳೆಯದು, ಒಂದು ಹೊಸದು. ಅಲ್ಲಿಂದ ಯಾರು ಯಾರಿಗೆ ಮೇಲ್ ಬರೆದರೂ ಅದು ಮೋಡೆಮ್ ಮೂಲಕ ಮೊದಲು ವಿಶಾಖಪಟ್ಟಣದ ನಮ್ಮ ಯಂತ್ರಕ್ಕೆ ಬರಬೇಕು. ನಮ್ಮ ಯಂತ್ರ ಅದನ್ನು ಮುಂದಕ್ಕೆ ದಾಟಿಸುತ್ತಿತ್ತು. ಹಿಂದಿನ ವಾರದ ಗಾಳಿಮಳೆಗೆ ಲೈನ್ ಕೆಟ್ಟು, ಸರಿಯಾದ ಮೇಲೂ ಮೇಲ್ ಬಂದಿರಲಿಲ್ಲ. ನನ್ನನ್ನು ಕಳಿಸಿದ್ದು ಅದಕ್ಕೆ.

ಮಧ್ಯಾಹ್ನದ ಹೊತ್ತಿಗೆ ಬಂದರ್ ರೋಡಿನ ಆ ಕಚೇರಿ ಹೊಕ್ಕಾಗ ಏನೋ ಸರಿಯಿಲ್ಲ ಅನ್ನಿಸಿತು. ಸದಾ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತು "ಬರ್ರಿ ಮೇಡಮ್ಮರ" ಎನ್ನುತ್ತಿದ್ದ ಧಾರವಾಡದವರು ಅಲ್ಲಿರಲಿಲ್ಲ. ಕೋಣೆಗೆ ಬೀಗ. ಅವರು ಹೊರಗೆ, ಟಪಾಲು ವಿಭಾಗದ ಮೂಲೆಯಲ್ಲಿ, ಮೇಜಿಲ್ಲದ ಒಂದು ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಐವತ್ತು ದಾಟಿದ ಮನುಷ್ಯ, ಗುಂಟೂರಿನ ಕಡೆಯವರು. ತೆಲುಗಿನಲ್ಲಿ ಮಾತು ಶುರು ಮಾಡಿ, ಸಿಟ್ಟು ಏರಿದಂತೆಲ್ಲ ಇಂಗ್ಲಿಷಿಗೆ ಹೋಗುತ್ತಿದ್ದರು. ಅವರು ಹೇಳಿದ್ದರ ಸಾರಾಂಶ ಇಷ್ಟು: ಕಚೇರಿಯಲ್ಲಿ ಯಾರನ್ನು ಎಲ್ಲಿಗೆ ವರ್ಗ ಮಾಡಬೇಕು ಎಂಬ ಗುಟ್ಟಿನ ಪಟ್ಟಿಯೊಂದನ್ನು ಅವರು ತಮ್ಮ ಟರ್ಮಿನಲ್‌ನಲ್ಲಿ ಕೂತು ತಾವೇ ಟೈಪ್ ಮಾಡಿದ್ದರು. ಅದನ್ನು ವಿಶಾಖಪಟ್ಟಣದ ದೊಡ್ಡ ಸಾಹೇಬರಿಗೆ ಮೇಲ್ ಮಾಡಿದ್ದರು. ಆದರೆ ಸಾಹೇಬರು ನೋಡುವ ಮೊದಲೇ ಕಚೇರಿಯಲ್ಲೆಲ್ಲ ಅದರ ಸುದ್ದಿ. ದೂರದ ಸೈಟ್‌ಗಳಿಗೆ ಹೆಸರು ಬಿದ್ದಿದ್ದವರು ಗಲಾಟೆ ಎಬ್ಬಿಸಿ ಪಟ್ಟಿಯೇ ರದ್ದಾಯಿತು. ಆಮೇಲೆ ಆಡಳಿತಾಧಿಕಾರಿ ಹುಡುಕಿ ನೋಡಿದರೆ, ಹೊಸ ಯಂತ್ರದ ಡಿಸ್ಕಿನಲ್ಲಿ ಆ ಪಟ್ಟಿಯ ಫೈಲ್, ಪಕ್ಕದಲ್ಲಿ ಮಾಲೀಕನ ಹೆಸರು ಧಾರವಾಡದವರದ್ದು. ಅವರ ಮೇಲ್‌ಬಾಕ್ಸ್ ತೆಗೆಸಿದರೆ ಅಲ್ಲೂ ಅದೇ ಪಟ್ಟಿ.

"ಹುಬ್ಬಳ್ಳಿ ಆಫೀಸಿಗೆ ಹಾಕಿ ಅಂತ ಈತ ಎಷ್ಟೋ ವರ್ಷದಿಂದ ಕೇಳುತ್ತಿದ್ದಾನೆ. ತನ್ನ ಹೆಸರು ಇದೆಯೋ ಇಲ್ಲವೋ ನೋಡೋಕೆ ನನ್ನ ಫೈಲ್ ಕದ್ದಿದ್ದಾನೆ. ಇತ್ತಮ್ಮಾ, ಹೆಸರಿತ್ತು! ನಾನೇ ಹಾಕಿದ್ದೆ!"

"ಅವರು ಏನಂತಾರೆ ಸರ್?"

"ಏನಂದರೇನು? ಹೇಳುತ್ತಿರುವುದು ನಾನಲ್ಲ, ಮಷೀನು. ಮೆಮೋ ಕೊಟ್ಟಿದ್ದೇನೆ. ನೀವು ಮೇಲ್ ರಿಪೇರಿ ಮಾಡಿ. ಜೊತೆಗೆ ಇವನೇ ಮಾಡಿದ್ದು ಅಂತ ಒಂದು ಟೆಕ್ನಿಕಲ್ ರಿಪೋರ್ಟ್ ಬರೆದುಕೊಡಿ."

ಅವರು ಮುಂದೆ ತಳ್ಳಿದ ಪ್ರಿಂಟೌಟ್ ನೋಡಿದೆ. ನಿಜ, ಹೆಸರು ಸ್ಪಷ್ಟವಾಗಿತ್ತು. ಆ ಮನುಷ್ಯ ಇಂಥದ್ದು ಮಾಡುವವರಲ್ಲ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸು ಹೇಳಿದ್ದನ್ನು ರಿಪೋರ್ಟಿನಲ್ಲಿ ಬರೆಯಲಾಗುತ್ತದೆಯೇ?

ಅವತ್ತು ಮೇಲ್ ಸರಿಮಾಡುವುದರಲ್ಲೇ ಸಂಜೆಯಾಯಿತು. ಗಾಳಿಮಳೆಯ ಹೊತ್ತಿಗೆ ಮೋಡೆಮ್ ಪೋರ್ಟ್ ಸಿಕ್ಕಿಹಾಕಿಕೊಂಡು, ಕಳಿಸಬೇಕಾದ ಮೇಲ್‌ಗಳೆಲ್ಲ ಸಾಲುಗಟ್ಟಿ ಬಿದ್ದಿತ್ತು. ಅದನ್ನು ಬಿಡಿಸುತ್ತಿದ್ದಾಗ ಯಂತ್ರ ತಾನು ಮಾಡಿದ ಕೆಲಸ ಬರೆದಿಟ್ಟುಕೊಳ್ಳುವ ದಾಖಲೆಯ ಕಡೆ ಕಣ್ಣು ಹೋಯಿತು. ಮ್ಯಾನೇಜರ್ ಕಳಿಸಿದ ಮೇಲ್ ವಿಶಾಖಪಟ್ಟಣಕ್ಕೆ ಹೋಗಲು ಮತ್ತೆ ಮತ್ತೆ ಪ್ರಯತ್ನಿಸಿ ಸೋತಿತ್ತು. ಕೊನೆಗೆ ತಲುಪಿಸಲಾಗಲಿಲ್ಲ ಎಂದು ಯಂತ್ರ ಅದನ್ನು ಕಳಿಸಿದವರಿಗೆ ವಾಪಸು ಹಾಕಿತ್ತು. ಅದರ ಒಂದು ಪ್ರತಿ, ಎಲ್ಲ ಯಂತ್ರಗಳಲ್ಲೂ ಇರುವ ಪದ್ಧತಿಯಂತೆ, ಮೇಲ್ ವ್ಯವಸ್ಥೆ ನೋಡಿಕೊಳ್ಳುವವರಿಗೆ. ಅಂದರೆ ಧಾರವಾಡದವರಿಗೆ. ಮ್ಯಾನೇಜರ್ ಮೇಲ್ ಬರೆಯುತ್ತಿದ್ದರೇ ಹೊರತು ಬಂದದ್ದನ್ನು ತೆರೆದು ನೋಡುವ ರೂಢಿ ಅವರಿಗಿರಲಿಲ್ಲ. ಅವರ ಪೆಟ್ಟಿಗೆಯಲ್ಲಿ ಆ ವಾಪಸು ಬಂದದ್ದು ಹಾಗೇ ಬಿದ್ದಿತ್ತು.

ಅಲ್ಲಿಗೆ ಮೇಲ್‌ಬಾಕ್ಸಿನ ಆರೋಪ ಹೋಯಿತು. ಆದರೆ ಡಿಸ್ಕಿನ ಮೇಲಿದ್ದ ಫೈಲ್?

ಸಂಜೆ ಧಾರವಾಡದವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದು, "ಬಾ ತಂಗಿ" ಎಂದು ಕೈ ಹಿಡಿದುಕೊಂಡರು. "ಊಟ ಬಿಟ್ಟಾರ. ಕೇಳಿದ್ರ ಮಾತಾಡೂದಿಲ್ಲ. ನೀನರ ಹೇಳ." ಒಳಗಿನಿಂದ ಮಗಳು ಬಂದಳು. ಹೈಸ್ಕೂಲು ಓದುತ್ತಿದ್ದವಳು, ವಿಜಯವಾಡದಲ್ಲೇ ಬೆಳೆದವಳಾದ್ದರಿಂದ ಮನಸ್ಸಿನ ಮಾತು ಬಾಯಿಗೆ ಬರುತ್ತಿದ್ದದ್ದು ತೆಲುಗಿನಲ್ಲೇ. "ಮಾ ನಾನ್ನ ದೊಂಗ ಕಾದು, ಆಂಟಿ" ಎಂದಳು. ನಮ್ಮಪ್ಪ ಕಳ್ಳ ಅಲ್ಲ. ಅವಳ ಶಾಲೆಯಲ್ಲಿ ಅದೇ ಕಚೇರಿಯ ಇನ್ನೊಬ್ಬರ ಮಗಳೂ ಇದ್ದಳಂತೆ, ಸುದ್ದಿ ಅಲ್ಲಿಗೂ ಮುಟ್ಟಿತ್ತು.

ಧಾರವಾಡದವರು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತಿದ್ದರು. ಮೇಲ್ ವಾಪಸು ಬಂದಿದ್ದ ವಿಷಯ ತಿಳಿಸಿದೆ. ಅವರ ಮುಖ ಒಂದಿಷ್ಟೂ ಅರಳಲಿಲ್ಲ.

"ಮೇಲ್ ಬಂದಿದ್ದು ಖರೇರಿ. ತಗದು ನೋಡಿದೆ. ಸಾಹೇಬರ ಖಾಸಗಿ ಕಾಗದ ಅಂತ ಗೊತ್ತಾದಕೂಡ್ಲೆ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಆದ್ರ ಆ ಫೈಲ್ ಹೆಂಗ ನನ್ನ ಹೆಸರಿಗೆ ಬಂತು?"

"ನೀವು ಕಾಪಿ ಮಾಡಿಲ್ಲ ತಾನೇ ಸರ್?"

"ನಾನ ಮಾಡೀನೇನೋ ಅನಸಾಕತ್ತೈತ್ರಿ. ಬ್ಯಾಕಪ್ ತಗೊಳ್ಳುವಾಗ ಕೈತಪ್ಪಿ ಎಲ್ಲೆರ ಬಿತ್ತೋ ಏನೋ. ಮನಷ್ಯಾ ಸುಳ್ಳ ಹೇಳ್ತಾನ, ಮಷೀನ್ ಹೇಳೂದಿಲ್ಲ. ಹೊಸಾಗಿ ಬಂದವರಿಗೆಲ್ಲಾ ನಾನ ಹಂಗ ಹೇಳಿಕೋತ ಬಂದೀನಿ."

ಮೆಮೋಗಿಂತ, ಮೂಲೆಯ ಕುರ್ಚಿಗಿಂತ ನನ್ನನ್ನು ಕಲಕಿದ್ದು ಈ ಮಾತು. ಮಾಡದ ಕೆಲಸವನ್ನು ತಾನೇ ಮಾಡಿರಬಹುದು ಎಂದು ನಂಬಲು ಆ ಮನುಷ್ಯ ತಯಾರಾಗುತ್ತಿದ್ದರು. ಅವತ್ತು ಅರ್ಧ ರೊಟ್ಟಿಗೇ ತಟ್ಟೆ ಬಿಟ್ಟು ಎದ್ದೆ.

ಮರುದಿನ ಬೆಳಿಗ್ಗೆ ಮೊದಲು, ಮ್ಯಾನೇಜರ್ ಟರ್ಮಿನಲ್ ಜೋಡಿಸಿದ್ದ ಹಳೆಯ ಯಂತ್ರದ ಮುಂದೆ ಕೂತೆ. ಮ್ಯಾನೇಜರ್ ಪಟ್ಟಿಯನ್ನು ಎಲ್ಲಿ ಉಳಿಸಿದ್ದಾರೆ ಎಂದು ನೋಡಿದೆ. ಫೈಲ್ ಇತ್ತು, ಮಾಲೀಕರ ಹೆಸರು ಅವರದ್ದೇ. ಹೊಸ ಯಂತ್ರಕ್ಕೆ ಹೋಗಿ ಆಡಳಿತಾಧಿಕಾರಿ ಕಂಡ ಫೈಲ್ ತೆಗೆದೆ. ಹೆಸರು ಧಾರವಾಡದವರದ್ದು. ಆದರೆ ಎರಡರ ಗಾತ್ರ ಒಂದೇ, ಉಳಿಸಿದ ವೇಳೆಯೂ ಒಂದೇ. ಕದ್ದು ನಕಲು ಮಾಡಿದ್ದಾದರೆ ವೇಳೆ ಬೇರೆಯಾಗಬೇಕಿತ್ತಲ್ಲ? ಆಗ ನೆನಪಾಯಿತು. ಹಳೆಯ ಯಂತ್ರದ ಡಿಸ್ಕ್ ತುಂಬಿದಾಗ, ಯಂತ್ರ ಮಾರಿದ ಕಂಪನಿಯ ಎಂಜಿನಿಯರ್ ಬಂದು ಎಲ್ಲರೂ ಫೈಲು ಇಟ್ಟುಕೊಳ್ಳುವ ಜಾಗವನ್ನು ಹೊಸ ಯಂತ್ರದ ದೊಡ್ಡ ಡಿಸ್ಕಿಗೆ ಸರಿಸಿ, ಎರಡೂ ಯಂತ್ರಗಳು ಅದನ್ನೇ ಹಂಚಿಕೊಳ್ಳುವಂತೆ ಮಾಡಿ ಹೋಗಿದ್ದ. ಅಂದರೆ ಅಲ್ಲಿ ಎರಡು ಫೈಲುಗಳೇ ಇರಲಿಲ್ಲ. ಒಂದೇ ಫೈಲನ್ನು ಎರಡು ಕಡೆಯಿಂದ ನೋಡುತ್ತಿದ್ದೆವು.

ಹಾಗಿದ್ದರೆ ಹೆಸರು ಎರಡೇಕೆ? ಯುನಿಕ್ಸ್ ಯಂತ್ರ ಫೈಲಿನ ಮೇಲೆ ಹೆಸರು ಬರೆಯುವುದಿಲ್ಲ, ಒಂದು ಸಂಖ್ಯೆ ಬರೆಯುತ್ತದೆ. ನಾವು ಕೇಳಿದಾಗ ತನ್ನ ಬಳಕೆದಾರರ ಪಟ್ಟಿ ನೋಡಿ, ಆ ಸಂಖ್ಯೆ ಯಾರದ್ದೋ ಅವರ ಹೆಸರು ಹೇಳುತ್ತದೆ. ಹಳೆಯ ಯಂತ್ರದಲ್ಲಿ ನೂರನಾಲ್ಕು ಎಂದರೆ ಮ್ಯಾನೇಜರ್. ಹೊಸ ಯಂತ್ರದಲ್ಲಿ ಕಂಪನಿಯವನು ಎಣಿಕೆಯನ್ನು ಹೊಸದಾಗಿ ಶುರು ಮಾಡಿದ್ದ; ಅಲ್ಲಿ ನೂರನಾಲ್ಕು ಎಂದರೆ ಧಾರವಾಡದವರು. ಸಾಲದ್ದಕ್ಕೆ ಫೈಲನ್ನು ಯಾರು ಬೇಕಾದರೂ ಓದುವಂತೆ ತೆರೆದೇ ಇಡಲಾಗಿತ್ತು. ಆ ಕಚೇರಿಯಲ್ಲಿ ಎಲ್ಲರ ಫೈಲುಗಳೂ ಹಾಗೇ ಇರುತ್ತಿದ್ದವು.

ಸಂತೋಷ ಇತ್ತು, ನಿಜ. ಅದರ ಬೆನ್ನಿಗೇ ಭಯ. ಕಳ್ಳತನವೇ ಆಗಿಲ್ಲ, ಆ ಫೈಲ್ ಅಲ್ಲಿಟ್ಟವರು ನೀವೇ ಎಂದು ಮೆಮೋ ಕೊಟ್ಟವರಿಗೇ ಹೇಳಬೇಕಾಗಿತ್ತು.

ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲವೆಂದು ಮ್ಯಾನೇಜರನ್ನು ಕೇಳಿಕೊಂಡೆ. "ಸರ್, ನಿಮ್ಮ ಟರ್ಮಿನಲ್‌ನಲ್ಲಿ ಒಂದು ಹೊಸ ಫೈಲ್ ಮಾಡಿ. ಏನು ಬೇಕಾದರೂ ಬರೆಯಿರಿ, ನನಗೆ ತೋರಿಸಬೇಡಿ."

"ಎಂದುಕಮ್ಮಾ?" ಯಾಕೆ ಎಂದು ಗೊಣಗಿದರೂ ಬರೆದರು. ಆಮೇಲೆ ಅವರನ್ನೂ ಆಡಳಿತಾಧಿಕಾರಿಯನ್ನೂ ಬೀಗ ತೆಗೆಸಿ ಕಂಪ್ಯೂಟರ್ ಕೋಣೆಗೆ ಕರೆದೊಯ್ದೆ. ಹೊಸ ಯಂತ್ರದ ಪರದೆಯಲ್ಲಿ ಆ ಫೈಲ್ ತೋರಿಸಿದೆ. ಮಾಲೀಕರ ಹೆಸರಿನ ಜಾಗದಲ್ಲಿ ಧಾರವಾಡದವರ ಹೆಸರು.

"ಅವರು ಬೆಳಗಿನಿಂದ ಟಪಾಲಿನ ಹತ್ತಿರ ಕೂತಿದ್ದಾರೆ ಸರ್. ಯಂತ್ರ ಮುಟ್ಟಿಲ್ಲ."

ಮ್ಯಾನೇಜರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಇನ್ನೊಮ್ಮೆ ನೀವೇ ಮಾಡಿ ತೋರಿಸಿ ಎಂದು ನನಗೆ ಹೇಳಿದರು. ತೋರಿಸಿದೆ. ಆಡಳಿತಾಧಿಕಾರಿ ಕಿಟಕಿಯ ಕಡೆ ತಿರುಗಿದರು. ಧಾರವಾಡದವರನ್ನು ಕರೆಸಲಾಯಿತು. ಅವರು ಬಂದು ಬಾಗಿಲಲ್ಲೇ ನಿಂತರು. ಈಗ ಕ್ಷಮೆಯ ಒಂದು ಮಾತು ಬರುತ್ತದೆ ಎಂದು ಕಾದೆ.

"ಸರೇ, ಪನಿ ಚೂಸ್ಕೋಂಡಿ" ಎಂದರು ಮ್ಯಾನೇಜರ್. ಸರಿ, ಕೆಲಸ ನೋಡಿಕೊಳ್ಳಿ. ಅಷ್ಟೇ. ಹೊರಟುಹೋದರು.

ವಿಶಾಖಪಟ್ಟಣಕ್ಕೆ ಫೋನ್ ಮಾಡಿದಾಗ ನಮ್ಮ ಮುಖ್ಯಸ್ಥರು, "ತಾಂತ್ರಿಕ ದೋಷ ಅಂತ ಬರೆದರೆ ಸಾಕು, ಮ್ಯಾನೇಜರ್ ಹೆಸರು ಯಾಕೆ ಎಳೀತೀರಿ?" ಎಂದರು. ಧಾರವಾಡದವರೂ ಅದನ್ನೇ ಅಂದರು, ಕೈಮುಗಿದು. "ಬ್ಯಾಡ್ರಿ ಮೇಡಮ್ಮರ. ನಾಳೆ ನನ್ನ ವರ್ಗಾವಣೆಗೆ ಸಹಿ ಹಾಕವರು ಅವರ."

"ಬರೀ ದೋಷ ಅಂತ ಬರೆದರೆ ನಿಮ್ಮ ಮೇಲಿನ ಮೆಮೋ ಹಾಗೇ ಉಳಿಯುತ್ತೆ ಸರ್. ಮುಂದೆ ಬಂದವರು ಅದನ್ನೇ ಓದ್ತಾರೆ."

ಅವರು ಒಪ್ಪಲೂ ಇಲ್ಲ, ಬೇಡವೆಂದು ಮತ್ತೆ ಹೇಳಲೂ ಇಲ್ಲ. ನಾನು ಇದ್ದದ್ದನ್ನು ಇದ್ದಂತೆ ಬರೆದೆ: ಫೈಲನ್ನು ಉಳಿಸಿದವರು ಮ್ಯಾನೇಜರೇ, ಆಪರೇಟರ್ ಏನೂ ಮಾಡಿಲ್ಲ. ಎರಡೂ ಯಂತ್ರಗಳ ಸಂಖ್ಯೆಗಳನ್ನು ಸರಿಹೊಂದಿಸಿ, ಫೈಲುಗಳನ್ನು ಬೇರೆಯವರು ಓದದಂತೆ ಮಾಡಿ ವಿಶಾಖಪಟ್ಟಣಕ್ಕೆ ಹಿಂದಿರುಗಿದೆ. ಮೆಮೋ ವಾಪಸಾಯಿತು. ಆದರೆ ವರ್ಗಾವಣೆಯ ಹೊಸ ಪಟ್ಟಿ ಬಂದಾಗ ಹುಬ್ಬಳ್ಳಿಯ ಜಾಗಕ್ಕೆ ಬೇರೆ ಯಾರದ್ದೋ ಹೆಸರಿತ್ತು. ವಿಜಯವಾಡದಲ್ಲಿ ಏನೇ ಕೆಟ್ಟರೂ ಆಮೇಲೆ ನನ್ನ ಬದಲು ಬೇರೆಯವರನ್ನು ಕಳಿಸುತ್ತಿದ್ದರು. ನಾನು ಬರೆದದ್ದರಿಂದಲೇ ಅವರಿಗೆ ಹುಬ್ಬಳ್ಳಿ ತಪ್ಪಿತೇ? ಗೊತ್ತಿಲ್ಲ. ಈಗಲೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಧಾರವಾಡದವರು ಮತ್ತೆ ಯಂತ್ರದ ಮುಂದೆ ಕೂತರು, ಆದರೆ ಮೊದಲಿನಂತೆ ಅಲ್ಲ. ಹಳೆಯ ಫೈಲೊಂದನ್ನು ಅಳಿಸಬೇಕಾದರೂ ನನಗೆ ಫೋನ್ ಮಾಡುತ್ತಿದ್ದರು. "ಮೇಡಮ್ಮರ, ಹೋದ ವರ್ಷದ ಪ್ರಿಂಟ್ ಫೈಲ್ ತಗದ ಹಾಕಾಕತ್ತೀನಿ. ನೀವು ಕೇಳಿಸ್ಕೊಂಡ್ರಿ ಹೌದಿಲ್ಲೋ?" ನಾನು ಹೌದು ಎನ್ನಬೇಕು. ಅಷ್ಟಕ್ಕೇ ಫೋನು. ಹೀಗೆಲ್ಲ ಮಾಡಬೇಕಾಗಿಲ್ಲ ಸರ್ ಎಂದು ಹಲವು ಸಲ ಹೇಳಿದೆ. "ಇರ್ಲಿ ತಗೋರಿ" ಎನ್ನುತ್ತಿದ್ದರು.

ಆ ಮ್ಯಾನೇಜರ್ ನಿವೃತ್ತರಾಗಿ ಹೊಸಬರು ಬಂದ ಮೇಲೆ ಹುಬ್ಬಳ್ಳಿಯ ಆದೇಶ ಬಂತು, ಉಗ್ರಾಣದ ಕೆಲಸಕ್ಕೆ. ಕಾರ್ಖಾನೆಯಲ್ಲಿ ಕಾಗದಪತ್ರ ಮುಗಿಸಲು ಅವರು ಹೆಂಡತಿ ಮಗಳೊಂದಿಗೆ ವಿಶಾಖಪಟ್ಟಣಕ್ಕೆ ಬಂದು ನಮ್ಮ ಮನೆಯಲ್ಲೇ ಇಳಿದುಕೊಂಡರು. ಭಾನುವಾರ ಎಲ್ಲರೂ ಬಸ್ಸು ಹತ್ತಿ ಭೀಮುನಿಪಟ್ಟಣಕ್ಕೆ ಹೋದೆವು. ತಾಯಿ ಮಗಳು ನೀರಿಗಿಳಿದರು. ನಾನೂ ಧಾರವಾಡದವರೂ ಮರಳಿನ ಮೇಲೆ, ಬಲೆ ಒಣಗಿಸಿದ್ದ ಕಡೆ ಕೂತೆವು. ಮಗಳು ದೂರದಿಂದ "ನಾನ್ನಾ, ರಾ!" ಎಂದು ಅಪ್ಪನನ್ನು ನೀರಿಗೆ ಕರೆಯುತ್ತಿದ್ದಳು. ಅವಳಿಗೆ ಹುಬ್ಬಳ್ಳಿಯ ಕಾಲೇಜಿನಲ್ಲಿ ಹೇಗೋ ಏನೋ ಎಂದು ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು:

"ಆ ಪಟ್ಟಿ ಓದಿ ಸುದ್ದಿ ಹಬ್ಬಿಸಿದವರು ಯಾರು ಅಂತ ನಿಮಗ ಗೊತ್ತಾತೇನ್ರಿ?"

"ಇಲ್ಲ ಸರ್. ಫೈಲ್ ತೆರೆದೇ ಇತ್ತಲ್ಲ. ಯಾರು ಬೇಕಾದರೂ ಓದಬಹುದಿತ್ತು."

"ಹತ್ತು ಮಂದಿ ಓದಿರಬೇಕ್ರಿ. ತಾವು ಹೆಂಗ ಓದಿದ್ವಿ ಅನ್ನೂದು ಅವರಿಗೆ ಗೊತ್ತಿತ್ತು. ನಾನು ಕದ್ದು ಕೊಟ್ಟಿಲ್ಲ ಅನ್ನೂದೂ ಗೊತ್ತಿತ್ತು." ಅವರು ಅಂಗೈಗೆ ಹತ್ತಿದ ಮರಳು ಕೊಡವಿದರು. "ಆ ಕುರ್ಚಿ ಮ್ಯಾಲೆ ಕೂತಾಗ ಎಲ್ಲಾರೂ ನನ್ನ ಮುಂದ ಹಾದು ಚಹಾಕ್ಕ ಹೋಗ್ತಿದ್ರು. ಒಬ್ಬರರ ನಿಂತು ನೀವು ಮಾಡಿಲ್ರಿ ಅಂತ ಒಂದ್ ಮಾತ ಹೇಳಿದ್ರ ಸಾಕಿತ್ತು. ಸಾಹೇಬರಿಗೆ ಬ್ಯಾಡ್ರಿ, ನನಗ."

ಅವರು ಪಂಚೆ ಎತ್ತಿ ಕಟ್ಟಿ, ಮಗಳು ಕರೆಯುತ್ತಿದ್ದ ಕಡೆ ನೀರಿನತ್ತ ನಡೆದರು.