ಮೊಲದ ಬಾಣಂತನ

ಇವತ್ತು ಬೆಳಿಗ್ಗೆ ಸೊಪ್ಪಿನ ಗಾಡಿ ಬಂದಾಗ ಮೆಂತ್ಯ ಕೊಳ್ಳಲು ಹೋಗಿ ಸಬ್ಬಸಿಗೆ ತಂದೆ. ನನಗೆ ಸಬ್ಬಸಿಗೆ ಸೇರುವುದಿಲ್ಲ. ಆದರೂ ಆ ವಾಸನೆ ಮೂಗಿಗೆ ಬಡಿದರೆ ಕೈ ತಾನಾಗಿ ಅತ್ತ ಹೋಗುತ್ತದೆ. ನಿಮಗೆ ಸಬ್ಬಸಿಗೆ ಎಂದರೆ ವಡೆಯೋ ಪಲ್ಯವೋ ನೆನಪಾಗಬಹುದು. ನನಗೆ ನೆನಪಾಗುವುದು ಒಬ್ಬ ಬಾಣಂತಿ. ಅವಳು ಮೊಲ.

ಕೊಟ್ಟೂರಿನ ಈ ಮನೆಯಲ್ಲಿ ಆಗ ನಾವಿಬ್ಬರು ವಿಧವೆಯರಿದ್ದೆವು, ನಾನು ಮತ್ತು ನನ್ನ ಅಣ್ಣನ ಹೆಂಡತಿ ಗೌರಮ್ಮ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಅತ್ತಿಗೆ ಓಣಿಯ ಅರ್ಧ ಹೆಂಗಸರ ಬಾಣಂತನ ಮಾಡಿಯೂ ಇನ್ನೂ ರಿಟೈರ್ ಆಗದವರು. ಪಕ್ಕದ ಮನೆಯ ಶಂಶಾದ್, ಗಂಡನ ಮೋಟಾರ್ ರಿಪೇರಿ ಅಂಗಡಿ ಹಗರಿಬೊಮ್ಮನಹಳ್ಳಿಗೆ ಹೋದಾಗ, ಆಗಷ್ಟೇ ಸಂತೆಯಲ್ಲಿ ಕೊಂಡಿದ್ದ ಬಿಳಿ ಮೊಲವನ್ನು ನಮಗೆ ಬಿಟ್ಟುಹೋದಳು. “ಗಂಡೈತ್ರಿ ಟೀಚರಮ್ಮ. ಒಂದ ಐತಿ, ಏನೂ ತ್ರಾಸಿಲ್ಲ” ಎಂದಳು. ನಾನು ಅದಕ್ಕೆ ಪರ್ಲ್ ಎಂದು ಹೆಸರಿಟ್ಟೆ. ಮೂರನೆಯ ವಾರ ಆ ಗಂಡು ಐದು ಮರಿ ಹಾಕಿತು.

ಮಂಚದ ಕೆಳಗಿನ ಮಾವಿನಹಣ್ಣಿನ ಖಾಲಿ ರಟ್ಟಿನ ಡಬ್ಬಿಯಲ್ಲಿ, ತನ್ನ ಎದೆಯ ತುಪ್ಪಳವನ್ನೇ ಕಿತ್ತು ಹಾಸಿ ಅದರೊಳಗೆ ಮರಿಗಳನ್ನು ಮುಚ್ಚಿಟ್ಟಿತ್ತು. ಕಣ್ಣು ತೆರೆಯದ, ಕೂದಲಿಲ್ಲದ, ಹೆಬ್ಬೆರಳಿನಷ್ಟು ಗುಲಾಬಿ ಜೀವಗಳು. ಕಾನ್ವೆಂಟಿನಲ್ಲಿ ನನಗೆ ಇಂಥ ಹೊತ್ತಿಗೆ ಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿಸಿದ್ದರು. ಹಸುಗೂಸಿನ ಮುಂದೆ ಪಿಸುಮಾತಿನಲ್ಲಿ ‘ಎಕ್ಸ್‌ಕ್ಯೂಸ್ ಮಿ’ ಎನ್ನುವುದೊಂದು ಬರುತ್ತಿತ್ತು, ಅದನ್ನೇ ಅಂದೆ.

ಅತ್ತಿಗೆಗೆ ಗೊಂದಲವೇ ಇರಲಿಲ್ಲ. ಹಡೆದವಳು ಹಡೆದವಳೇ. ಕಿಟಕಿಗೆ ಹಳೇ ಸೀರೆ ಬಿತ್ತು. ಸಬ್ಬಸಿಗೆ ಬಂತು. ಎದೆಹಾಲು ಇಳಿಯಲೆಂದು ಬಾಣಂತಿಯರಿಗೆ ಅದನ್ನು ಕೊಡುತ್ತಾರಲ್ಲ. ಪರ್ಲ್ ಅದನ್ನು ಕಟ್ಟುಗಟ್ಟಲೆ ತಿಂದಳು. ನಾವು ಮಾಡಿದ ಒಂದೇ ಸರಿಯಾದ ಕೆಲಸ ಅದು. ಆಮೇಲೆ ಕೆಂಡ ತುಂಬಿದ ಅಗ್ಗಿಷ್ಟಿಕೆ, ಮೇಲೆ ಲೋಬಾನದ ಹೊಗೆ. ಕೊಟ್ಟೂರಿನ ಏಪ್ರಿಲ್ ತಿಂಗಳು, ನೋಡಿ.

“ಅತ್ತಿಗಿ, ಅವು ಉಸಿರು ಕಟ್ಟಿ ಸಾಯ್ತಾವ್ರಿ” ಎಂದೆ.

“ನೀ ಸತ್ತಿಯೇನು? ನಿನಗೂ ಇದ ಹೊಗಿ ಹಾಕಿದ್ರು” ಎಂದರು. ನಾನು ಕೆಮ್ಮುತ್ತ ಅಗ್ಗಿಷ್ಟಿಕೆಯನ್ನು ಹಿತ್ತಲಿಗೆ ಎಳೆದೆ.

ನಮ್ಮಿಬ್ಬರಿಗೂ ಒಪ್ಪಿಗೆಯಾದ ವಿಷಯವೆಂದರೆ, ಪರ್ಲ್ ಒಳ್ಳೆಯ ತಾಯಿಯಲ್ಲ. ಇಡೀ ದಿನ ಮರಿಗಳ ಹತ್ತಿರ ಸುಳಿಯುತ್ತಿರಲಿಲ್ಲ. ದೂರದ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತು ಮುಖ ತೊಳೆದುಕೊಳ್ಳುತ್ತಿದ್ದಳು. “ಬಾಣಂತಿ ಕೂಸು ಬಿಟ್ಟು ತಿರುಗ್ಯಾಡ್ತಾಳಂದ್ರ!” ಎಂದು ಅತ್ತಿಗೆ ಅವಳನ್ನು ಮರಿಗಳ ಜೊತೆಗೇ ಡಬ್ಬಿಯಲ್ಲಿ ಕೂರಿಸಿ ಮೇಲೆ ಬೆತ್ತದ ಬುಟ್ಟಿ ಬೋರಲು ಹಾಕಿದರು. ಹೊರಬರಲು ಅವಳು ಕಾಲು ಝಾಡಿಸಿದ ರಭಸಕ್ಕೆ ಒಂದು ಮರಿ ತುಳಿತಕ್ಕೆ ಸಿಕ್ಕಿತು. ಅತ್ತಿಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗಿ ಹೂಳಿ ಬಂದರು.

ಇನ್ನು ವಿದ್ಯಾವಂತಳ ಸರದಿ. ಇಂಕ್ ಫಿಲ್ಲರ್ ಕುದಿಸಿ, ಆಕಳ ಹಾಲು ಉಗುರುಬೆಚ್ಚಗೆ ಮಾಡಿ, ಎರಡು ಗಂಟೆಗೊಮ್ಮೆ ಟೈಮ್‌ಟೇಬಲ್ ಹಾಕಿ ಕುಡಿಸಿದೆ. ಮರುದಿನ ಇನ್ನೊಂದು ಮರಿ ಹೊಟ್ಟೆ ಉಬ್ಬರಿಸಿ ಸತ್ತಿತು. ಐದರಲ್ಲಿ ಎರಡು ಹೋದವು. ಒಂದು ಅತ್ತಿಗೆಯ ಅನುಭವಕ್ಕೆ, ಒಂದು ನನ್ನ ಬಿ.ಎ.ಗೆ.

ಆಗ ಮಾನ ಬಿಟ್ಟು ಶಂಶಾದಳಿಗೆ ಫೋನ್ ಮಾಡಿದೆ. ಗಂಡು ಹಡೆದ ಸುದ್ದಿಗೆ ಮೊದಲು ನಕ್ಕಳು, ಸಾವಿನ ಸುದ್ದಿಗೆ ಏನು ಕುಡಿಸಿದಿರಿ ಎಂದು ಕೇಳಿದಳು. “ಅವಕ್ಕ ಆಕಳ ಹಾಲು ಆಗಂಗಿಲ್ಲರಿ. ನಮ್ಮ ತವರಮನ್ಯಾಗ ಮೊಲ ಸಾಕತಿದ್ವಿ. ತಾಯಿ ದಿನಕ್ಕ ಒಂದ ಸಲ, ಎರಡ ಸಲ ಬರ್ತೈತಿ, ಐದು ಮಿನಿಟ್ ಅಷ್ಟ. ಹತ್ರ ಕುಂತ್ರ ಅದರ ವಾಸನಿಗೆ ನಾಯಿ ಬೆಕ್ಕು ಬರ್ತಾವಂತ ದೂರ ಕುಂದರ್ತೈತಿ. ಮರಿ ಹೊಟ್ಟಿ ಮುಟ್ಟಿ ನೋಡ್ರಿ, ಗುಂಡಗಿದ್ರ ಕುಡದಾವಂತ ತಿಳಕೋರಿ.”

ಮರುದಿನ ನಸುಕಿನಲ್ಲಿ ನಾವಿಬ್ಬರೂ ಬಾಗಿಲ ಸಂದಿಯಲ್ಲಿ ನಿಂತೆವು. ಪರ್ಲ್ ಎದ್ದಳು, ಅತ್ತಿತ್ತ ನೋಡಿದಳು, ಡಬ್ಬಿಗೆ ಜಿಗಿದು ಮರಿಗಳ ಮೇಲೆ ಕಮಾನಿನಂತೆ ನಿಂತಳು. ಕಾಫಿಯ ನೀರು ಕುದಿಯುವಷ್ಟು ಹೊತ್ತೂ ಇಲ್ಲ, ಹೊರಗೆ ಹಾರಿ ಮತ್ತೆ ತನ್ನ ಮೂಲೆ ಸೇರಿದಳು. ಮುಟ್ಟಿ ನೋಡಿದೆ. ಮೂರೂ ಹೊಟ್ಟೆಗಳು ನೆಲ್ಲಿಕಾಯಿಯಂತೆ ಗುಂಡಗಿದ್ದವು.

ಸಂತೋಷಪಡಬೇಕಿತ್ತು, ನನಗೆ ಸಿಟ್ಟು ಬಂತು. “ನಮ್ಮವ್ವನಂಗ ಅದಾಳ” ಎಂದುಬಿಟ್ಟೆ.

ಎಂಟನೆಯ ವಯಸ್ಸಿಗೆ ನನ್ನನ್ನು ಬಳ್ಳಾರಿಯ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ತಿಂಗಳಿಗೊಂದು ವಿಸಿಟಿಂಗ್ ಸಂಡೇ. ಉಳಿದ ಹುಡುಗಿಯರ ತಾಯಂದಿರು ಸಂಜೆಯವರೆಗೆ ಇರುತ್ತಿದ್ದರು. ನಮ್ಮವ್ವ ಬಂದು, ಎಲ್ಲರೆದುರು ನನ್ನ ಫ್ರಾಕಿನ ಮೇಲೆ ಹೊಟ್ಟೆಗೆ ಕೈಯಿಟ್ಟು, “ಉಂಡಿಯೇನು?” ಎಂದು ಕೇಳಿ, ಕಾಲು ಗಂಟೆಗೆಲ್ಲ “ಬಸ್ ಹೊಕ್ಕೈತಿ” ಎಂದು ಎದ್ದುಬಿಡುತ್ತಿದ್ದಳು. ಆ ಕೈಗೆ ನನಗೆ ನಾಚಿಕೆ, ಆ ಬಸ್ಸಿನ ಮೇಲೆ ಸಿಟ್ಟು. ಅವ್ವ ಸತ್ತಾಗಲೂ ಸಿಟ್ಟು ಪೂರ್ತಿ ಹೋಗಿರಲಿಲ್ಲ.

ಅತ್ತಿಗೆ ಮರಿಗಳ ಮೇಲೆ ತುಪ್ಪಳ ಸರಿಪಡಿಸುತ್ತಲೇ ಹೇಳಿದರು: “ಎಲ್ಲಿ ಬಸ್ಸಲೇ ಕಾನ್ವೆಂಟಿನಾಕಿ? ಬಸ್ ಇದ್ದದ್ದು ಸಂಜಿಗೆ. ನಾ ಮದುವ್ಯಾಗಿ ಬಂದ ಹೊಸದ್ರಾಗ ಒಂದು ಸಲ ಜೊತಿಗೆ ಬಂದಿದ್ದೆ. ನಿಮ್ಮ ಗೇಟಿನ ಎದುರಿಗೆ ಹುಣಸಿಗಿಡ ಇತ್ತಲ್ಲ, ಅದರ ಮರೆಗೆ ಸಂಜಿತನಕ ಕುಂತಿದ್ವಿ. ನಿಮ್ಮವ್ವ ಇದ್ದಷ್ಟೂ ಹೊತ್ತು ನೀ ಅಳತಿದ್ದಿಯಂತ. ಅತ್ತರ ರಾತ್ರಿ ಉಣ್ಣಂಗಿಲ್ಲಂತ ಸಿಸ್ಟರು ಅಂದಿದ್ರಂತ.”

“ಇಷ್ಟು ವರ್ಷ ಯಾಕ ಹೇಳಲಿಲ್ರಿ?”

“ನೀ ಯಾವಾಗ ಕೇಳಿದಿ?”

ಮೂರು ಮರಿಗಳೂ ಬದುಕಿದವು. ಎರಡನ್ನು ಶಂಶಾದ್ ಒಯ್ದಳು, ಒಂದು ಹಡಗಲಿಯ ಮಾಸ್ತರರೊಬ್ಬರ ಮನೆ ಸೇರಿತು. ಪರ್ಲ್ ಇನ್ನೆರಡು ವರ್ಷ ನಮ್ಮ ಕಡೆ ಬೆನ್ನು ಮಾಡಿಕೊಂಡೇ ಬಾಳಿದಳು.

ಈಗ ಅತ್ತಿಗೆ ಸೊಂಟ ಮುರಿದುಕೊಂಡು ಹರಪನಹಳ್ಳಿಯ ಮಗಳ ಮನೆಯಲ್ಲಿದ್ದಾರೆ. ಹೆಚ್ಚು ಮಾತಾಡಿಸಿದರೆ ಅವರಿಗೆ ಆಯಾಸ. ನನ್ನನ್ನು ಕಂಡರಂತೂ ಮಾತು ನಿಲ್ಲಿಸುವುದೇ ಇಲ್ಲ, ಆಮೇಲೆ ಊಟ ಬೇಡ ಎನ್ನುತ್ತಾರಂತೆ. ಇವತ್ತು ಸಬ್ಬಸಿಗೆ ಹಿಡಿದುಕೊಂಡು ಹೋಗಿದ್ದೆ. ಅವರ ಹೊಟ್ಟೆಯ ಮೇಲೆ ಕೈಯಿಟ್ಟು ಉಂಡಿರೇನು ಎಂದು ಕೇಳಿ, ಕಾಲು ಗಂಟೆಗೆ ಎದ್ದೆ.

“ಬಸ್ ಹೊಕ್ಕೈತ್ರಿ” ಎಂದೆ.

ಅತ್ತಿಗೆ ಕಣ್ಣು ಮುಚ್ಚಿಕೊಂಡೇ ನಕ್ಕರು. “ಇಲ್ಲಿ ಹುಣಸಿಗಿಡ ಇಲ್ಲಲೇ. ಎದುರಿನ ಅಂಗಡಿ ಕಟ್ಟಿ ಮ್ಯಾಲ ಕುಂದ್ರು, ನೆಳ್ಳೈತಿ.”

ಸಂಜೆಯವರೆಗೆ ಅಲ್ಲೇ ಕೂತಿದ್ದು ಈಗ ಬಂದೆ.