ಬಲೆ ಒಗೆದವಳು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನೊರೆಯಕ್ಕ ಟೆಂಟ್ ಬಾಡಿಗೆ ಅಂಗಡಿಯ ಹಿಂದಿನ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ, ಯಾರೋ ಎಣ್ಣೆ ಚೆಲ್ಲಿ ವಾಪಸು ತಂದಿದ್ದ ನೆಲಹಾಸನ್ನು ಉಜ್ಜುತ್ತಿದ್ದಳು. ಕಿಟಕಿಯ ಮೇಲಿಟ್ಟಿದ್ದ ಫೋನು ಹೊಡೆದುಕೊಂಡಿತು. ಕೈ ಒರೆಸಿಕೊಂಡು ಹೋಗುವಷ್ಟರಲ್ಲಿ ನಿಂತುಹೋಗಿ ಮತ್ತೆ ಶುರುವಾಯಿತು. ತಂಗಿಯದು.

"ಅಕ್ಕಾ, ಪುಟ್ಟಿ ಮುಖ ಊದ್ಕೊಂಡಿದೆ. ಒಂದು ಕಣ್ಣು ತೆಗೆಯೋಕೇ ಆಗ್ತಿಲ್ಲ. ಜ್ವರ ಬೇರೆ. ಆಸ್ಪತ್ರೇಲಿದೀವಿ."

"ಏನೇ ಆಯ್ತು?"

"ಇನ್ನೇನು, ಸೊಳ್ಳೆ ಕಚ್ಚಿದ್ದು. ಅಲ್ಲಿ ಇವರು ಸೊಳ್ಳೆ ಓಡಿಸೋ ಮುಲಾಮು ಹಚ್ಚೋದು ಮರೆತಿದಾರೆ. ಮಗು ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡಿದೆ. ಇನ್ನು ಮೇಲೆ ಇವರ ಜೊತೆ ನನ್ನ ಮಗಳನ್ನ ಒಂದು ರಾತ್ರೀನೂ ಹೊರಗೆ ಕಳಿಸಲ್ಲ. ಹೇಳಿಬಿಟ್ಟಿದೀನಿ."

ಶನಿವಾರ ಅಪ್ಪ ಮಗಳು ಇಬ್ಬರೇ ಕೆರೆದಂಡೆಯಲ್ಲಿ ಟೆಂಟ್ ಹಾಕಿ ಮಲಗಿ ಬಂದಿದ್ದರು. ತಿಂಗಳಿಗೊಮ್ಮೆ ಹೀಗೆ ಹೋಗುವುದು ಅವರಿಬ್ಬರ ಪದ್ಧತಿ. ಟೆಂಟ್ ಕೊಟ್ಟು ಕಳಿಸಿದವಳು ನೊರೆಯಕ್ಕನೇ.

ಆ ಹೆಸರು ಅಂಗಡಿಯವರು ಇಟ್ಟದ್ದು. ಬಾಡಿಗೆಗೆ ಹೋದ ಟೆಂಟುಗಳು ಮಣ್ಣು, ಹೊಗೆ, ಬಿಸ್ಕತ್ತಿನ ಪುಡಿ ಹೊತ್ತು ಬರುತ್ತವೆ. ಅವನ್ನು ತೊಳೆದು, ಒಣಗಿಸಿ, ಹೊಲಿಗೆ ಬಿಟ್ಟಲ್ಲಿ ಹೊಲಿದು, ಮಡಚಿ ಚೀಲಕ್ಕೆ ತುಂಬುವುದು ಅವಳ ಕೆಲಸ. ಬೇರೆಯವರು ಕೊಳೆ ಹೋದರೆ ನಿಲ್ಲಿಸುತ್ತಾರೆ. ಇವಳು ತೊಟ್ಟಿಯ ನೀರಿನಲ್ಲಿ ತನ್ನ ಮುಖ ಕಾಣುವವರೆಗೆ ನಿಲ್ಲಿಸುವುದಿಲ್ಲ. ಚಿಕ್ಕಂದಿನಲ್ಲಿ ತಾಯಿ ಕಾಯಿಲೆ ಬಿದ್ದಾಗ ತಂಗಿಯನ್ನು ಸಾಕಿದ್ದು ಇವಳೇ. ಆ ತಂಗಿ ಶಾಲೆಗೆ ಹೋಗುವಾಗ ಅಂಗಿಯ ಕಾಲರು ಎಷ್ಟು ಬೆಳ್ಳಗಿರುತ್ತಿತ್ತೆಂದರೆ, ಟೀಚರು ಉಳಿದ ಮಕ್ಕಳಿಗೆ ಕರೆದು ತೋರಿಸುತ್ತಿದ್ದರಂತೆ. ಆ ಮಾತನ್ನು ನೊರೆಯಕ್ಕ ಇವತ್ತಿಗೂ ವರ್ಷಕ್ಕೆರಡು ಸಲ ಹೇಳದೆ ಬಿಡುವುದಿಲ್ಲ.

ಮಕ್ಕಳ ವಾರ್ಡಿನಲ್ಲಿ ಆರು ಮಂಚಗಳಿದ್ದವು. ಕಿಟಕಿ ಪಕ್ಕದ್ದು ಪುಟ್ಟಿಯದು. ತಂಗಿ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅವಳ ಗಂಡ, ಎಲ್ಲರ ಬಾಯಲ್ಲಿ ಕರೆಂಟಪ್ಪ, ಅಂಗಿ ಜೇಬಿನಲ್ಲಿ ಟೆಸ್ಟರ್ ಹಾಗೇ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದ. ಒಳಗೆ ಬರಲು ಅಪ್ಪಣೆ ಸಿಕ್ಕಿಲ್ಲ ಎಂಬುದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಅತ್ತಿಗೆ, ನಾನು ಹಚ್ಚಿದ್ದೆ," ಎಂದ, ಮೆಲ್ಲಗೆ. "ಸಂಜೆ ಕತ್ತಲಾಗೋ ಮುಂಚೆ. ಎರಡೂ ಕೈ, ಕುತ್ತಿಗೆ, ಮುಖ. ಕಣ್ಣಿನ ಹತ್ತಿರ ಮಾತ್ರ ಬಿಟ್ಟೆ. ಹಚ್ಚಿದ್ದೆ ಅಂತಲೇ ನೆನಪು. ಈಗ ಇವಳು ಇಷ್ಟು ಹೇಳಿದ ಮೇಲೆ, ಹಚ್ಚಿದ್ನೋ, ಹಚ್ಚಬೇಕು ಅಂದ್ಕೊಂಡಿದ್ನೋ, ನಂಗೇ ಗೊತ್ತಾಗ್ತಿಲ್ಲ."

ಸ್ವಿಚ್ಚು ಆರಿಸಿದ ಮೇಲೂ ಟೆಸ್ಟರ್ ಇಟ್ಟು ನೋಡದೆ ತಂತಿ ಮುಟ್ಟುವವನಲ್ಲ ಅವನು. ಅಂಥವನು ತನ್ನ ಕೈಮೇಲೆ ತಾನೇ ನಂಬಿಕೆ ಕಳೆದುಕೊಂಡರೆ ನಾಳೆ ಕಂಬದ ಮೇಲೆ ಹೇಗೆ ಕೆಲಸ ಮಾಡಿಯಾನು ಎಂದು ನೊರೆಯಕ್ಕನಿಗೆ ಅನ್ನಿಸಿತು.

"ನೋಡು, ಇನ್ನೂ ಹಚ್ಚಿದ್ದೆ ಅಂತಾನೇ ಇದಾರೆ," ಎಂದಳು ತಂಗಿ. "ಬಲ್ಬ್ ಉರೀತಿದೆ ಅಂದ್ರೆ ಸಾಕಾ? ಬೆಳಕು ಬರಬೇಕಲ್ಲ."

ಡಾಕ್ಟರು ಬಂದು ನೋಡಿದರು. ಸೊಳ್ಳೆ ಕಡಿತದಿಂದ ಇಷ್ಟಾದದ್ದಲ್ಲ, ಕೆರೆದ ಉಗುರಿನ ಕೊಳೆ ಒಳಗೆ ಹೋಗಿ ಸೋಂಕಾಗಿದೆ, ಔಷಧಿ ಶುರುವಾಗಿದೆ, ಇಳಿಯುತ್ತದೆ ಎಂದರು. ಉಗುರು ಕತ್ತರಿಸಿ. ಸೋಪು ನೀರಲ್ಲಿ ಮೆತ್ತಗೆ ತೊಳೆದು ತಣ್ಣನೆ ಬಟ್ಟೆ ಇಡಿ. ತುರಿಕೆಗೆ ಈ ಗುಲಾಬಿ ಬಣ್ಣದ ಲೋಷನ್ ಹಚ್ಚಿ. ಕೆಂಪು ಇನ್ನೂ ಹರಡಿದರೆ ತಕ್ಷಣ ಹೇಳಿ.

ಸೋಪು ಎಂದಾಗ ನೊರೆಯಕ್ಕ ತಾನೇ ಮುಂದೆ ಬಂದಳು. ಅದು ಅವಳ ಇಲಾಖೆ.

ಪುಟ್ಟಿಯ ಬಲಗೆನ್ನೆಯನ್ನು ಒದ್ದೆ ಬಟ್ಟೆಯಿಂದ ಒತ್ತಿದಳು. ಗುಳ್ಳೆಗಳು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕುತ್ತಿಗೆಗೆ, ಅಲ್ಲಿಂದ ಬಲತೋಳಿಗೆ ಒಂದೇ ಪಟ್ಟಿಯಾಗಿ ಇಳಿದಿದ್ದವು. ಎಡಗೆನ್ನೆಗೆ ಬಂದಳು. ಒಂದೂ ಇರಲಿಲ್ಲ. ಎಡತೋಳು ಎತ್ತಿ ತಿರುಗಿಸಿ ನೋಡಿದಳು. ಅಲ್ಲೂ ಇಲ್ಲ. ಟೆಂಟಿನಲ್ಲೂ ಮಗು ಎರಡೂ ತೋಳು ಬಿಟ್ಟ ಅಂಗಿಯಲ್ಲೇ ಮಲಗಿತ್ತು.

"ಪುಟ್ಟಿ, ಟೆಂಟಲ್ಲಿ ಹೇಗೆ ಮಲಗಿದ್ದೆ ಕಂದಾ?"

"ಸೊಳ್ಳೆ ಬಲೆಗೆ ಅಂಟ್ಕೊಂಡು," ಎಂದಿತು ಮಗು, ಊದಿದ ತುಟಿಯಲ್ಲಿ. "ದೊಡ್ಡಮ್ಮ, ಅಲ್ಲಿಂದ ನಕ್ಷತ್ರ ಎಲ್ಲಾ ಕಾಣ್ಸುತ್ತೆ. ಅಪ್ಪ ಗೊರಕೆ ಹೊಡೀತಿದ್ರು, ನಾನು ಆ ಕಡೆ ತಿರುಗಿಬಿಟ್ಟೆ."

ನೊರೆಯಕ್ಕನ ಕೈ ನಿಂತಿತು. ಮುಲಾಮು ಹಚ್ಚದೆ ಇದ್ದಿದ್ದರೆ ಕೆರೆದಂಡೆಯಲ್ಲಿ ಸಂಜೆಯೇ ಸೊಳ್ಳೆ ಎರಡೂ ಕಡೆ ಕಚ್ಚಬೇಕಿತ್ತು. ಬಲೆಗೆ ಒತ್ತಿಕೊಂಡ ಕಡೆ ಮಾತ್ರ ಕಚ್ಚಿದೆ ಎಂದರೆ, ಸೊಳ್ಳೆ ಹೊರಗೇ ಕೂತು ಬಲೆಯ ಕಣ್ಣಿನೊಳಗೆ ಸೂಜಿ ಇಳಿಸಿದೆ. ಸಂಜೆ ಹಚ್ಚಿದ ಮುಲಾಮಿನ ಬಲ ನಡುರಾತ್ರಿಗೆ ತೀರಿರುತ್ತದೆ. ಆಮೇಲೆ ಕಾಯಬೇಕಾದದ್ದು ಬಲೆ.

ಆ ಬಲೆಯ ಬಗ್ಗೆ, ಅವಳು ಕೆಲಸಕ್ಕೆ ಸೇರಿದ ದಿನವೇ ಅಂಗಡಿ ಯಜಮಾನರು ಏನೋ ಹೇಳಿದ್ದರು. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು. ಸೋಪಿನ ಖರ್ಚು ಉಳಿಸಲು ಹೇಳುತ್ತಿದ್ದಾರೆ ಎಂದೇ ತಿಳಿದಿದ್ದಳು. ತನ್ನ ಕರ್ಚೀಫು ತಾನು ಒಗೆದುಕೊಳ್ಳದ ಗಂಡಸು ತನಗೆ ಒಗೆಯುವ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ಮನೆಗೆ ಬಂದು ತಂಗಿಯ ಮುಂದೆ ನಕ್ಕಿದ್ದೂ ಉಂಟು.

"ಏನಕ್ಕಾ, ಏನಾದ್ರೂ ಕಾಣ್ತಾ?" ಎಂದಳು ತಂಗಿ.

"ಏನಿಲ್ಲ ಕಣೇ," ಎಂದುಬಿಟ್ಟಳು ನೊರೆಯಕ್ಕ.

ಹಾಗೆ ಹೇಳಿದ್ದು ತಪ್ಪು ಎಂದು ಮೆಟ್ಟಿಲು ಇಳಿಯುವಾಗಲೇ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿಗೆ ಕಬ್ಬಿಣ ಕಾಯಿಸಿಕೊಟ್ಟವಳ ಹಾಗೆ ಸುಮ್ಮನೆ ಬಂದಿದ್ದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಸೊಳ್ಳೆ ಹೊಡೆಯಲು ತನ್ನ ಮೊಣಕೈಗೆ ಪಟ್ಟೆಂದು ಬಡಿದುಕೊಂಡಾಗ ನೊರೆಯಕ್ಕ ಬೆಚ್ಚಿಬಿದ್ದಳು.

ಯಜಮಾನರು ಕೌಂಟರಿನಲ್ಲಿ ಗೂಟಗಳನ್ನು ವಿಂಗಡಿಸುತ್ತಿದ್ದರು.

"ಯಜಮಾನ್ರೇ, ಟೆಂಟ್ ಬಲೆ ಒಗೆಯೋದರ ಬಗ್ಗೆ ಅವತ್ತು ಏನು ಹೇಳಿದ್ರಿ?"

"ಏನಮ್ಮ, ಇಷ್ಟು ದಿನ ಆದ್ಮೇಲೆ ಕೇಳ್ತಿದೀರಾ? ಬಲೆ ಮಾಡೋರೇ ಅದರ ನೂಲಿಗೆ ಸೊಳ್ಳೆ ಔಷಧಿ ಕೂಡಿಸಿರ್ತಾರೆ. ಇಪ್ಪತ್ತು ಒಗೆತದವರೆಗೆ ತಡೆಯುತ್ತೆ ಅಂತಾರೆ. ಅದಕ್ಕೇ ಬಲೆಯನ್ನ ಒದ್ದೆ ಬಟ್ಟೇಲಿ ಒರೆಸಿ ನೆರಳಲ್ಲಿ ಹಾಕಿ ಅಂದಿದ್ದೆ. ಯಾಕೆ, ನೀವು ಹಾಗೇ ತಾನೇ ಮಾಡ್ತಿರೋದು?"

ಹಿತ್ತಿಲಿನ ತಂತಿಯ ಮೇಲೆ, ಉರಿಬಿಸಿಲಿನಲ್ಲಿ, ನಾಲ್ಕು ಟೆಂಟುಗಳ ಬಲೆ ಹೊಳೆಯುತ್ತಿತ್ತು. ಅವರು ಅತ್ತ ತಿರುಗಿ ನೋಡಿದರು. ಗೂಟವೊಂದನ್ನು ತಪ್ಪಾದ ರಾಶಿಗೆ ಹಾಕಿ, ಮತ್ತೆ ತೆಗೆದು ಸರಿಯಾದದ್ದಕ್ಕೆ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಪುಟ್ಟಿಗೆ ಕೊಟ್ಟ ಟೆಂಟು ಅಂಗಡಿಯಲ್ಲೇ ಒಳ್ಳೆಯದು. ಎಲ್ಲರೂ ಅದನ್ನೇ ಕೇಳುತ್ತಿದ್ದುದರಿಂದ ಅದಕ್ಕಿಂತ ಮುಂಚೆ ಒಂಬತ್ತು ಸಲ ಬಾಡಿಗೆಗೆ ಹೋಗಿ ಬಂದಿತ್ತು. ಒಂಬತ್ತು ಸಲವೂ ಅದನ್ನು ಬಲೆ ಸಮೇತ ತೊಟ್ಟಿಗೆ ಇಳಿಸಿದವಳು ಇವಳೇ.

ಮಧ್ಯಾಹ್ನ ಅವಳು ತಿರುಗಿ ವಾರ್ಡಿಗೆ ಬಂದಾಗ ಕರೆಂಟಪ್ಪ ಇನ್ನೂ ಬಾಗಿಲ ಹತ್ತಿರವೇ ಇದ್ದ. ಅವನ ತೋಳು ಹಿಡಿದು ಮಂಚದವರೆಗೆ ಕರೆತಂದಳು.

"ಮಗೂನ ಎಡಗಡೆ ನೋಡು ಕಣೇ," ಎಂದಳು ತಂಗಿಗೆ. "ಒಂದಾದರೂ ಗುಳ್ಳೆ ಇದೆಯಾ?"

ತಂಗಿ ನೋಡಿದಳು. ತೋಳು ಎತ್ತಿ ನೋಡಿದಳು.

"ಇಲ್ಲ. ಅದಕ್ಕೇನೀಗ?"

"ನಿನ್ನ ಗಂಡ ಮರೆತಿದ್ರೆ ಸಂಜೇನೇ ಎರಡೂ ಕಡೆ ಕಚ್ಚಿರ್ತಿತ್ತು. ಬಲೆ ತಾಗಿದ ಕಡೆ ಮಾತ್ರ ಕಚ್ಚಿದೆ. ಬಲೇಲಿ ಔಷಧಿ ಇರ್ಬೇಕಿತ್ತು. ಇದ್ದಿದ್ರೆ ಸೊಳ್ಳೆ ಅದರ ಮೇಲೆ ಕೂರ್ತಾನೇ ಇರ್ಲಿಲ್ಲ. ಆ ಔಷಧಿ ನಾನು ಒಗೆದುಹಾಕ್ಬಿಟ್ಟಿದೀನಿ. ಒಗೀಬೇಡಿ ಅಂತ ಹೇಳಿದ್ರು. ಕೇಳ್ಲಿಲ್ಲ ನಾನು."

ತಂಗಿ ಕಿಟಕಿ ಕಟ್ಟೆಯ ಮೇಲಿದ್ದ ಗುಲಾಬಿ ಲೋಷನ್ನಿನ ಬಾಟಲಿ ತೆಗೆದುಕೊಂಡಳು. ಅಭ್ಯಾಸದಂತೆ ಅಕ್ಕನ ಕಡೆ ಅದು ಅರ್ಧ ಬಂತು. ಅಲ್ಲಿಂದ ತಿರುಗಿ ಗಂಡನ ಕಡೆ ಹೋಯಿತು.

"ರೀ, ನೀವೇ ಹಚ್ಚಿ," ಎಂದಳು. "ಕಣ್ಣಿನ ಹತ್ತಿರ ಬಿಟ್ಟು. ನಿಮಗೆ ಗೊತ್ತಲ್ಲ."

ಕರೆಂಟಪ್ಪ ಸ್ಟೂಲಿನ ಮೇಲೆ ಕೂತ. ಹತ್ತಿಯನ್ನು ಅದ್ದಿ, ಹಿಂಡಿ, ಒಂದೊಂದೇ ಗುಳ್ಳೆಯನ್ನು ಬೆಸುಗೆ ಹಾಕುವವನ ಹಾಗೆ ಮುಟ್ಟತೊಡಗಿದ. ಮಗು ತಣ್ಣಗಿದೆ ಎಂದು ನಕ್ಕಿತು. ಮುಂದಿನ ತಿಂಗಳು ನಾನು ನಡುವೆ ಮಲಗುತ್ತೇನೆ, ಬಲೆ ಹತ್ತಿರ ಅಪ್ಪನೇ ಮಲಗಲಿ ಎಂದಿತು. ತಂಗಿ ಬೇಡ ಎನ್ನಲಿಲ್ಲ.

ನೊರೆಯಕ್ಕ ಬಾಗಿಲ ಹತ್ತಿರ, ಬೆಳಗಿನಿಂದ ಅವನು ನಿಂತಿದ್ದ ಜಾಗದಲ್ಲೇ ಹೋಗಿ ನಿಂತಳು.

"ಎಷ್ಟು ಸಲ ಒಗೆದಿದ್ದೆ ಅಕ್ಕಾ ಅದನ್ನ?" ಎಂದಳು ತಂಗಿ, ತಿರುಗಿ ನೋಡದೆ.

"ಹೋಗಲಿ ಬಿಡು," ಎಂದ ಕರೆಂಟಪ್ಪ ತಕ್ಷಣ. ಹತ್ತಿ ಹಿಡಿದ ಕೈ ಅಲ್ಲಾಡಲಿಲ್ಲ. ಅವನಿಗೆ ಗೊತ್ತಿತ್ತು.

ಶುಕ್ರವಾರ ಸಂಜೆ ಅಂಗಡಿ ಬಾಗಿಲಲ್ಲಿ ಟೆಂಟಿನ ಚೀಲವನ್ನು ಅವನ ಹೆಗಲಿಗೇರಿಸುವಾಗ ಅವನು ತಮಾಷೆಗೆ, "ಅತ್ತಿಗೆ, ಕ್ಲೀನಾಗಿದೆ ತಾನೇ?" ಎಂದು ಕೇಳಿದ್ದ. ಅವಳು ಪುಟ್ಟಿಯ ಮುಖದ ಮುಂದೆ ಬೆರಳು ಹಿಡಿದು, ರಸ್ತೆಯ ಆಚೆಯವರಿಗೂ ಕೇಳುವಂತೆ ಹೇಳಿದ್ದಳು: "ಬೇರೆಯವರು ವಾಪಸು ಬಂದ ಟೆಂಟನ್ನ ಒಂದು ಸಲ ಒಗೀತಾರಪ್ಪ. ನಾನು ಪ್ರತಿ ಸಲ ಮೂರು."