ಅಕ್ಕೋರು ಹೋಗಬೇಕಾಗಿದ್ದ ಗುಡ್ಡ

ಅಕ್ಕೋರ ಬಲಗೈ ಹೆಬ್ಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ರೊಟ್ಟಿ ಹಂಚಿನ ಮೇಲೆ ಕಾಫಿ ಬೀಜ ಹುರಿಯುವಾಗ ಹದ ಬಂತೋ ಇಲ್ಲವೋ ಎಂದು ಸುಡುವ ಬೀಜವನ್ನೇ ಒತ್ತಿ ನೋಡುವ ಚಟ ಅವರದು. ಚಹಾದಲ್ಲೇ ಹುಟ್ಟಿ ಚಹಾದಲ್ಲೇ ಸಾಯುವ ಯಲಬುರ್ಗಾದಲ್ಲಿ ಆ ಹೊಗೆ ಎದ್ದರೆ, ಓಣಿಯವರು ‘ಅಕ್ಕೋರ ಆಫ್ರಿಕಾ ಸುರು ಆತು’ ಎಂದು ನಗುತ್ತಿದ್ದರು. ಮನೆಗೆ ಹೋದವರು ಮೂರು ಸಲ ಕುಡಿಯಲೇಬೇಕು. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಕುದಿಸುವ ಕಾಫಿ ಅದು. ಮೂರನೆಯದು ಬರೀ ಬಣ್ಣದ ನೀರು. ನನ್ನ ಹೆಂಡತಿ ಒಮ್ಮೆ ಮೊದಲನೆಯದಕ್ಕೇ ಎದ್ದು ಬಂದಳೆಂದು ಇಡೀ ಶ್ರಾವಣ ಅವಳ ಜೊತೆ ಮಾತು ಬಿಟ್ಟಿದ್ದರು. ಹಟ ಅಂದರೆ ಅಂಥ ಹಟ.

ಸಾಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ನನಗೆ ಮಗ್ಗಿ ಕಲಿಸಿದವರೂ, ಮಗ್ಗಿ ತಪ್ಪಿದ್ದಕ್ಕೆ ಕಿವಿ ಹಿಂಡಿದವರೂ ಅವರೇ. ಆದರೆ ಈ ಸಾಲಿಗೆ ಬರುವ ಮೊದಲು, ಮದುವೆಯಾದ ಹೊಸದರಲ್ಲಿ, ಅವರು ಇಥಿಯೋಪಿಯಾದಲ್ಲಿದ್ದರು. ಲಾಲಿಬೆಲಾ ಎಂಬ ಊರಿನ ಹತ್ತಿರ, ಎತ್ತರದ ಗುಡ್ಡನಾಡಿನಲ್ಲಿ, ಅವರ ಯಜಮಾನರು ಗಣಿತದ ಮಾಸ್ತರರಾಗಿದ್ದರು. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಹೋಗಿ ಇಡೀ ಚರ್ಚನ್ನೇ ನೆಲದೊಳಗೆ ಬಿಡಿಸಿದ ಊರದು. ಅಲ್ಲೇ ಅವರಿಗೆ ಒಂದು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಯಿತು. ಹಸಿ ಬಾಣಂತಿ ಚಳಿಗೆ ಹೊಸ್ತಿಲು ದಾಟಬಾರದೆಂದು ಇವರನ್ನು ಮನೆಯಲ್ಲೇ ಬಿಟ್ಟು, ಯಜಮಾನರು ಚರ್ಚಿನ ಹಿಂದಿನ ಗುಡ್ಡದಲ್ಲಿ ಮಣ್ಣು ಮಾಡಿ ಬಂದರು. ಮೂರನೇ ದಿನ ಗೋರಿಗೆ ಹಾಲು ತುಪ್ಪ ಬಿಡುವುದು ನಮ್ಮ ಪದ್ಧತಿ. ಪರದೇಶದಲ್ಲಿ ಅದೆಲ್ಲ ಯಾರು ಕೇಳುತ್ತಾರೆ ಎಂದು ಅದನ್ನೂ ಬಿಟ್ಟರಂತೆ. ಆಮೇಲೆ ಇವರಿಗೆ ಮಕ್ಕಳಾಗಲಿಲ್ಲ. ಯಜಮಾನರೂ ತೀರಿಹೋಗಿ ಬಹಳ ಕಾಲವಾಗಿತ್ತು.

ಬಸ್ ಸ್ಟ್ಯಾಂಡ್ ಎದುರು ನಂದೊಂದು ಟ್ರಾವೆಲ್ಸ್ ಇದೆ. ಕಾಶಿ, ಶಿರಡಿ, ಶ್ರೀಶೈಲಕ್ಕೆ ಮಂದಿಯನ್ನು ಕಳಿಸುವುದು ನನ್ನ ಉದ್ಯೋಗ. ಒಂದು ಮಧ್ಯಾಹ್ನ ಅಕ್ಕೋರು ಅಂಗಡಿಗೆ ಬಂದು ಕೂತರು.

“ತಮ್ಮಾ, ಊರ ಮಂದಿನ್ನೆಲ್ಲಾ ದೇವರ ಕಡಿ ಕಳಸ್ತಿ. ನನ್ನ ಒಂದ್ ಸಲ ಆ ಗುಡ್ಡಕ್ಕ ಕಳಸು. ಹಾಲ್ ಹಾಕಿ ಬರ್ತೀನಿ. ಹಡದ ಕೂಸಿನ ಮಣ್ಣ ಕಾಣಲಾರದ ತಾಯಿ ಅದೀನಿ ನಾನು.”

ಆಗದು ಎನ್ನಲು ನನಗೆ ಬಾಯಿ ಬರಲಿಲ್ಲ. ಬೆಂಗಳೂರಿನ ಒಂದು ಕಂಪನಿ ಆ ಕಡೆಗೆ ‘ಸಾಂಸ್ಕೃತಿಕ ಪ್ರವಾಸ’ ಮಾಡಿಸುವುದು ಗೊತ್ತಾಯಿತು. ಬಂಡೆ ಚರ್ಚು ನೋಡುವುದು, ಪೂಜಾರಿಗಳ ಹಾಡು ಕೇಳುವುದು, ಹಳ್ಳಿ ಮನೆಯಲ್ಲಿ ಅಕ್ಕೋರ ಹಾಗೆಯೇ ಮೂರು ಸಲ ಕಾಫಿ ಮಾಡುವುದನ್ನು ನೋಡಿ ಕುಡಿಯುವುದು. ಕಾಫಿ ಮಾಡುವುದನ್ನು ನೋಡಲಿಕ್ಕೂ ರೊಕ್ಕ ಕೊಡಬೇಕೇ ಎಂದು ಅಕ್ಕೋರು ಬಿದ್ದು ಬಿದ್ದು ನಕ್ಕರು. ಅಲ್ಲಿಯ ಗೈಡನ ಜೊತೆ ಫೋನಿನಲ್ಲಿ ವಿಡಿಯೋ ಹಚ್ಚಿ ಕೊಟ್ಟೆ. ನಲವತ್ತರ ಹತ್ತಿರದವನು, ಅದೇ ಗುಡ್ಡನಾಡಿನವನು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ಅವನು ಅವರನ್ನು ‘ಎಮಾಮಾ’ ಎಂದ. ನಾವು ಯವ್ವಾ ಎಂದ ಹಾಗೆ. ಆ ಮಾತು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ, ಅಕ್ಕೋರು ಸೆರಗು ಬಾಯಿಗೆ ಒತ್ತಿಕೊಂಡರು.

ಹೊರಡುವ ವಾರ ಓಣಿಯ ಹೆಂಗಸರೆಲ್ಲ ಸೇರಿ ಬುತ್ತಿಗೆ ಕೂತರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ. ವಿಮಾನದಲ್ಲಿ ಊಟ ಕೊಡುತ್ತಾರೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಪಾಲಿಗೆ ಅದು ಶ್ರೀಶೈಲಕ್ಕಿಂತ ಸ್ವಲ್ಪ ದೂರದ ಯಾತ್ರೆ, ಅಷ್ಟೆ.

ಕೊಪ್ಪಳ ಸ್ಟೇಷನ್ನಿನಲ್ಲಿ ಬೆಂಗಳೂರು ಗಾಡಿಗೆ ಕಾಯುತ್ತ ಕೂತಾಗ ಕಂಪನಿಯವರ ಫೋನು ಬಂತು. ಆ ಗುಡ್ಡನಾಡಿನಲ್ಲಿ ಮತ್ತೆ ಬಂದೂಕಿನ ಕಾದಾಟ ಜೋರಾಗಿದೆ, ವಿಮಾನ ನಿಂತಿದೆ, ರಸ್ತೆ ಮುಚ್ಚಿದೆ, ಪ್ರವಾಸ ರದ್ದು. ಕೂಗಾಡಿದೆ. ಕೂಗಾಡಿ ಏನು ಉಪಯೋಗ? ಕಾಶಿ ಗಾಡಿ ತಪ್ಪಿದರೆ ಇನ್ನೊಂದು ಗಾಡಿ ಹುಡುಕಿಕೊಟ್ಟೇನು. ಯಾರದೋ ಯುದ್ಧವನ್ನು ಯಲಬುರ್ಗಾದ ನಾನು ಹೇಗೆ ನಿಲ್ಲಿಸಲಿ?

ಅಕ್ಕೋರು ಅಳಲಿಲ್ಲ. ಯಾತ್ರೆಗೆ ಕಟ್ಟಿದ ಬುತ್ತಿಯನ್ನು ಬಿಚ್ಚದೆ ಮನೆಗೆ ಒಯ್ಯಬಾರದು ಎಂದರು, ಹುಲಿಗಿಗೆ ನಡಿ ಎಂದರು. ಹುಲಿಗೆಮ್ಮನ ಗುಡಿಯ ಹೊರಗೆ, ಹೊಳೆಯಲ್ಲಿ ಮಿಂದು ಬರುತ್ತಿದ್ದ ಮಂದಿಗೆ ಒಂದೊಂದೇ ರೊಟ್ಟಿ ಹಂಚಿದರು. ಯಾವ ಹರಕೆ, ಅವ್ವಾರ ಎಂದು ಯಾರೋ ಕೇಳಿದರು. ಕೂಸಿಂದು ಎಂದರು. ಒಳ್ಳೇದಾಗ್ಲಿ, ಕೂಸು ನೂರು ವರ್ಷ ಬಾಳ್ಲಿ ಎಂದು ಹರಸಿ ಆ ಹೆಣ್ಣುಮಗಳು ಮುಂದೆ ಹೋದಳು.

ಆಮೇಲೆ ಅಕ್ಕೋರು ವಾರಕ್ಕೊಮ್ಮೆ ನನ್ನಿಂದ ಆ ಗೈಡಿಗೆ ಫೋನು ಹಚ್ಚಿಸುವುದು ಶುರುವಾಯಿತು. ರಸ್ತೆ ತೆರೆಯಿತೇ? ಇಲ್ಲ. ವಿಮಾನ? ಇಲ್ಲ. ಒಂದು ದಿನ ಅವನೇ ಬಾಯಿ ಬಿಟ್ಟ. ಅವನ ಮುದಿ ತಾಯಿ ಅದೇ ಗುಡ್ಡದ ಹಳ್ಳಿಯಲ್ಲಿದ್ದಾಳೆ. ಇವನು ರಾಜಧಾನಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ಅಲ್ಲಿಗೆ ಫೋನೂ ಹತ್ತುತ್ತಿಲ್ಲ. ಇದ್ದಾಳೋ ಇಲ್ಲವೋ ಗೊತ್ತಿಲ್ಲ. ನಾನು ಅದನ್ನು ಅಕ್ಕೋರಿಗೆ ಕನ್ನಡದಲ್ಲಿ ಹೇಳಿದೆ.

“ಅವಂಗ ಹೇಳು, ತಮ್ಮಾ. ನಂದು ಸತ್ತ ಕೂಸು, ಎಷ್ಟ್ ದಿನಾ ಆದ್ರೂ ಕಾಯ್ತೈತಿ. ಮೊದಲ ಅವ್ವನ್ನ ನೋಡ್ಕೊ ಅನ್ನು.”

ಅಂದಿನಿಂದ ಅವರು ರಸ್ತೆಯ ಸುದ್ದಿ ಕೇಳುವುದನ್ನು ಬಿಟ್ಟರು. ಊಟ ಆಯಿತೇ, ಅವ್ವನ ಸುದ್ದಿ ಬಂತೇ, ಇಷ್ಟೇ. ಅವನೂ ಕಾಫಿ ಆಯಿತೇ ಎಂದು ಕೇಳುತ್ತಿದ್ದ. ಪಾಸ್‌ಪೋರ್ಟನ್ನು ಮಾತ್ರ ನನ್ನ ಹತ್ತಿರವೇ ಇರಲಿ ಎಂದು ಬಿಟ್ಟಿದ್ದರು. ಹಾಳು ಆಸೆ, ಅವರಿಗೂ ಇತ್ತು, ನನಗೂ ಇತ್ತು.

ಕಳೆದ ಚಳಿಗಾಲದಲ್ಲಿ ಕೆಮ್ಮು ಎಂದು ಮಲಗಿದವರು ಏಳಲಿಲ್ಲ. ಮಕ್ಕಳಿಲ್ಲದವರಿಗೆ ಓಣಿಯೇ ಮಕ್ಕಳು. ಮಣ್ಣು ಮಾಡಿದೆವು, ಮೂರನೇ ದಿನ ಹಾಲು ತುಪ್ಪ ಬಿಟ್ಟೆವು. ಅಲ್ಲಿಂದ ಮರಳಿ ಕೈಕಾಲು ತೊಳೆಯುತ್ತಿದ್ದಾಗ ಆ ಗೈಡನ ಫೋನು ಬಂತು. ದನಿಯಲ್ಲಿ ಹಿಗ್ಗಿತ್ತು. ದಾರಿ ತೆರೆದಿತ್ತು, ಅವನು ಊರು ಮುಟ್ಟಿದ್ದ, ಅವ್ವ ಬದುಕಿದ್ದಳು. ಎಮಾಮಾಗೆ ಕೊಡು ಎಂದ. ನಾನು ಹೇಳಬೇಕಾಯಿತು. ಆ ಕಡೆ ಅವನು ಅಳುವುದು ಕೇಳಿಸಿತು.

ಸ್ವಲ್ಪ ಹೊತ್ತಿನ ಮೇಲೆ, ನಾಳೆ ಬೆಳಿಗ್ಗೆ ತಾನೂ ಅವ್ವನೂ ಚರ್ಚಿನ ಹಿಂದಿನ ಗುಡ್ಡಕ್ಕೆ ಹೋಗಿ ಹಾಲು ಹಾಕಿ ಬರುತ್ತೇವೆ ಎಂದ. ಇಂಥ ಜಾಗವೆಂದು ಗೊತ್ತಿಲ್ಲದಿದ್ದರೇನು, ಗುಡ್ಡಕ್ಕೇ ಹಾಕುತ್ತೇವೆ ಎಂದ. ಅವನ ಅವ್ವ ಹಿಂದಿನಿಂದ ಏನೋ ಕೇಳುತ್ತಿದ್ದಳು. ಹಾಲು ಹಾಕುವಾಗ ಪ್ರಾರ್ಥನೆ ಮಾಡಬೇಕು, ಮಗನೇ ಎನ್ನಬೇಕೋ ಮಗಳೇ ಎನ್ನಬೇಕೋ ಎಂದು ಕೇಳುತ್ತಿದ್ದಾಳೆ ಎಂದ.

ಅಷ್ಟು ವರ್ಷ ಅವರ ಎದುರು ಕೂತು ಮೂರು ಮೂರು ಸಲ ಕಾಫಿ ಕುಡಿದವನು ನಾನು. ಅವರು ಕೂಸು ಎಂದರು, ನಾನೂ ಕೂಸು ಎಂದೆ. ಇನ್ನು ಅದನ್ನು ಹೇಳಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಫೋನಿನಲ್ಲಿ ಅವನು ಕಾಯುತ್ತಿದ್ದ.